ಜೀಪ್ ಟ್ರೈಲರಿಗೆ ನೈಲಾನ್ ಟೈರ್ ಹಾಕಿಸೋದಾ, ರೇಡಿಯಲ್ ಹಾಕಿಸೋದಾ?

ಕಾಫಿಕಣ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದು ಆರು ಎಕರೆ ರೊಬಸ್ಟಾ ತೋಟ. ಒಂದು ಹಳೆ ಜೀಪಿದೆ, ಅದರ ಹಿಂದೆ ಕಟ್ಟೋಕೆ ಎರಡು ಚಕ್ರದ ಸಣ್ಣ ಟ್ರೈಲರ್ ಇದೆ. ಅಪ್ಪ ಮಾಡಿಸಿದ್ದು. ಟೈರ್ 6.00-16, ಟ್ಯೂಬ್ ಇರುವ ನೈಲಾನ್. ಮೊದಲಿನಿಂದಲೂ ಅದೇ ಹಾಕಿಸುತ್ತಾ ಬಂದಿದ್ದೇವೆ.

ಕಳೆದ ವಾರ 20 ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಹೇರಿಕೊಂಡು ಹಾಸನಕ್ಕೆ ಕ್ಯೂರಿಂಗಿಗೆ, ಅಂದರೆ ಸಿಪ್ಪೆ ತೆಗೆಸಿ ಬೀಜ ಮಾಡಿಸೋಕೆ ಹೊರಟಿದ್ದೆ. ಬಾಳ್ಳುಪೇಟೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಡೆ ಟೈರ್ ಢಂ ಅಂತ ಒಡೆಯಿತು. ಟ್ರೈಲರ್ ಒಂದು ಕಡೆ ವಾಲಿ ಜೀಪಿನ ಹಿಂಭಾಗವನ್ನೇ ಎಳೆದುಕೊಂಡು ಹೋಯಿತು. ಎದುರಿಗೆ ಬಸ್ ಬರುತ್ತಿತ್ತು. ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದೆ. ಪಕ್ಕದಲ್ಲಿ ಮಗ ಕೂತಿದ್ದ. ಅವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಈಗ ಎರಡೂ ಟೈರ್ ಬದಲಾಯಿಸಬೇಕು. ಟೈರ್ ಅಂಗಡಿಯವರು "ಈ ಕಾಲದಲ್ಲಿ ನೈಲಾನ್ ಯಾಕೆ ಸರ್, ರೇಡಿಯಲ್ ಹಾಕಿಸಿ" ಅನ್ನುತ್ತಾರೆ. ನಮ್ಮೂರಿನ ಮೆಕ್ಯಾನಿಕ್ "ತೋಟದ ದಾರಿಗೆ ರೇಡಿಯಲ್ ತಡೆಯಲ್ಲ" ಅನ್ನುತ್ತಾನೆ. ನಮ್ಮ ಭಾವನ ಗಾಡಿಯಿಂದ ಬಿಚ್ಚಿಟ್ಟ ಎರಡು ರೇಡಿಯಲ್ ರಿಮ್ ಸಮೇತ ಸುಮ್ನೆ ಬಿದ್ದಿವೆ, 215/75ಆರ್15. ಬಟನ್ (ನೆಲಕ್ಕೆ ತಾಗುವ ರಬ್ಬರಿನ ಅಚ್ಚು) ಇನ್ನೂ ಚೆನ್ನಾಗಿದೆ. ಅವನ್ನೇ ಹಾಕಬಹುದಾ?

ಓಡಾಟ ಎಷ್ಟು ಅಂದರೆ, ದಿನಾ ತೋಟದೊಳಗೆ ನಾಲ್ಕೈದು ಕಿ.ಮೀ. ಗೊಬ್ಬರ, ಸೌದೆ, ಹಣ್ಣು ಹೊರುವುದು. ವರ್ಷಕ್ಕೆ ಐದಾರು ಸಲ ಹಾಸನಕ್ಕೆ, ಒಂದು ಕಡೆಗೆ ಸುಮಾರು 40 ಕಿ.ಮೀ. ಗೊತ್ತಿದ್ದವರು ದಯವಿಟ್ಟು ಹೇಳಿ.

ಜನರೇಟರ್ ತುಮಕೂರು

ಅಣ್ಣ, ನಿಮಗೂ ಮಗನಿಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ನಾನು ಕಣ್ಣು ಮುಚ್ಚಿ ರೇಡಿಯಲ್ ಅಂತೀನಿ. ಮದುವೆ, ಜಾತ್ರೆಗೆ ಜನರೇಟರ್ ಬಾಡಿಗೆಗೆ ಕೊಡುವುದು ನಮ್ಮ ಕೆಲಸ. ಜನರೇಟರ್ ಎರಡು ಚಕ್ರದ ಟ್ರೈಲರ್ ಮೇಲೇ ಕೂತಿರುತ್ತದೆ, ಅಂದರೆ ಖಾಲಿ ಓಡುವುದು ಅನ್ನೋದೇ ಇಲ್ಲ. ಯಾವಾಗಲೂ ಫುಲ್ ಲೋಡು.

ಮೊದಲು ನೈಲಾನ್ ಇತ್ತು. ತುಮಕೂರಿಂದ ಶಿರಾ, ಹಿರಿಯೂರು ಕಡೆಗೆ ಹೈವೇಯಲ್ಲಿ 60-65ರಲ್ಲಿ ಓಡಿಸುತ್ತಿದ್ದೆವು. ಒಂದು ಏಪ್ರಿಲ್ ಮಧ್ಯಾಹ್ನ ಮೇಲಿನ ರಬ್ಬರ್ ಪಟ್ಟಿ ಪಟ್ಟಿಯಾಗಿ ಕಿತ್ತು ಮಡ್‌ಗಾರ್ಡಿಗೆ ಬಡಿಯತೊಡಗಿತು. ಇಳಿದು ಕೈ ಇಟ್ಟರೆ ಕಾದ ಹೆಂಚು ಮುಟ್ಟಿದ ಹಾಗೆ. ರೇಡಿಯಲ್ ಹಾಕಿಸಿ ಮೂರು ವರ್ಷ ಆಯಿತು, ಅದೇ ರೋಡು, ಅದೇ ಲೋಡು. ಟೈರ್ ಬೆಚ್ಚಗಾಗುತ್ತದೆ ಅಷ್ಟೇ.

ಇನ್ನೊಂದು ವಿಷಯ. ನಮ್ಮ ಟ್ರೈಲರ್ ಒಂದೊಂದು ಕಡೆ ನಾಲ್ಕು ದಿನ, ವಾರ ನಿಂತೇ ಇರುತ್ತದೆ. ನೈಲಾನ್ ಇದ್ದಾಗ ಎಳೆದುಕೊಂಡು ಹೊರಟರೆ ಮೊದಲ ಐದಾರು ಕಿ.ಮೀ. ದಡ್ ದಡ್ ಅಂತ ಕುಣಿಯುತ್ತಿತ್ತು. ನೆಲಕ್ಕೆ ಒತ್ತಿಕೊಂಡಿದ್ದ ಜಾಗ ಚಪ್ಪಟೆಯಾಗಿ ಹಾಗೇ ಕೂತುಬಿಡುತ್ತದೆ. ಓಡಿ ಬಿಸಿಯಾದ ಮೇಲೆ ದುಂಡಗಾಗುತ್ತದೆ. ರೇಡಿಯಲ್‌ನಲ್ಲಿ ಆ ಕಾಟ ನಮಗೆ ಕಾಣಿಸಿಲ್ಲ.

ಪಂಚರ್ ಅಂಗಡಿ, ಮೂಡಿಗೆರೆ

ಜನರೇಟರ್ ಅಣ್ಣ ಹೇಳಿದ್ದು ಸರಿ, ಅವರ ಮಟ್ಟಿಗೆ. ಅವರ ಚಕ್ರ ಟಾರ್ ಬಿಟ್ಟು ಇಳಿಯುವುದಿಲ್ಲ. ಕಾಫಿ ತೋಟದ ದಾರಿಯ ಕತೆ ಬೇರೆ.

ನಮ್ಮ ಅಂಗಡಿಗೆ ತೋಟದ ಗಾಡಿಗಳೇ ಜಾಸ್ತಿ. ಮೊಳೆ ಚುಚ್ಚಿ ಬರುವುದಕ್ಕಿಂತ ಪಕ್ಕ ಹರಿದುಕೊಂಡು ಬರುವ ಟೈರೇ ಹೆಚ್ಚು. ರೆಂಬೆ ಕತ್ತರಿಸಿದ ಗಿಡದ ಮೊಂಡು, ಸಿಲ್ವರ್ ಓಕ್ ಬುಡ, ಮಳೆಗೆ ಮಣ್ಣು ಕೊಚ್ಚಿಹೋಗಿ ಎದ್ದು ನಿಂತ ಕಲ್ಲು, ಇವೆಲ್ಲ ತಾಗುವುದು ಟೈರಿನ ಪಕ್ಕಕ್ಕೇ. ರೇಡಿಯಲ್ ಟೈರಿಗೆ ಮೇಲ್ಗಡೆ ತಂತಿ ಪಟ್ಟಿ ಇದೆ, ಗಟ್ಟಿ. ಪಕ್ಕ ಮಾತ್ರ ತೆಳು. ಹರಿದರೆ ಮುಗಿಯಿತು. ನಾನಂತೂ ರೇಡಿಯಲ್ ಪಕ್ಕ ಹರಿದರೆ ರಿಪೇರಿ ಮಾಡಿಕೊಡುವುದಿಲ್ಲ, ಎಷ್ಟು ಕೇಳಿದರೂ. ಅದು ಯಾವಾಗ ಬಿಡುತ್ತದೆ ಅಂತ ಹೇಳೋಕೆ ಆಗಲ್ಲ.

ನೈಲಾನ್ ಪಕ್ಕ ದಪ್ಪ. ಸಣ್ಣಪುಟ್ಟ ಗೀರು ತಡೆದುಕೊಳ್ಳುತ್ತದೆ. ಸ್ವಲ್ಪ ಸೀಳಿದರೂ ಒಳಗೆ ಗೇಟರ್ (ದಪ್ಪ ತೇಪೆ) ಕೊಟ್ಟು ಹೊಸ ಟ್ಯೂಬ್ ಹಾಕಿದರೆ ತೋಟದೊಳಗೆ ನಿಧಾನಕ್ಕೆ ಕೆಲಸ ನಡೆಯುತ್ತದೆ. ಗೇಟರ್ ಹಾಕಿದ್ದನ್ನು ಹೈವೇಗೆ ಮಾತ್ರ ತರಬೇಡಿ.

ಸಕಲೇಶಪುರದ ಅಣ್ಣನಿಗೆ ಮೂರು ಪ್ರಶ್ನೆ. ಯಾವಾಗಲೂ ಎಡಗಡೆ ಟೈರೇ ಮೊದಲು ಸವೆಯುತ್ತದಾ? ಒಡೆದ ಟೈರಿನ ಮೇಲೆ ಎಷ್ಟು ಪಿಆರ್ (ಪ್ಲೈ ರೇಟಿಂಗ್) ಅಂತ ಇದೆ? ಹೊರಡುವ ಮುಂಚೆ ಹವಾ ಎಷ್ಟಿತ್ತು?

ಕಾಫಿಕಣ, ಸಕಲೇಶಪುರ

ಹೌದು, ಎಡಗಡೆಯದೇ ಮೊದಲು ಹೋಗುವುದು. ನಾನು ರಸ್ತೆ ಆ ಕಡೆ ಇಳಿಜಾರು, ಅದಕ್ಕೇ ಅಂದುಕೊಂಡಿದ್ದೆ. ಟೈರಿನ ಮೇಲೆ 6ಪಿಆರ್ ಅಂತ ಇದೆ. ಹವಾ ನಾನು ಒದ್ದು ನೋಡುತ್ತೇನೆ, ಗಟ್ಟಿ ಇದ್ದರೆ ಹೊರಡುತ್ತೇನೆ. ಈಗ ಬಲಗಡೆಯದಕ್ಕೆ ಪಕ್ಕದ ಮನೆಯವರ ಮೀಟರ್ ಇಟ್ಟು ನೋಡಿದೆ, 28 ತೋರಿಸಿತು.

ಪಂಚರ್ ಅಂಗಡಿ, ಮೂಡಿಗೆರೆ

ಅಣ್ಣ, 28 ಕಾರಿಗೆ. ಸಾವಿರ ಕೆಜಿ ಹೊರುವ ಟ್ರೈಲರಿಗೆ ಅದು ಹವಾನೇ ಅಲ್ಲ. ನೈಲಾನ್ ಟೈರ್ ಗಟ್ಟಿ ಇರುವುದರಿಂದ ಹವಾ ಅರ್ಧ ಇದ್ದರೂ ಒದ್ದಾಗ ಗಟ್ಟಿಯಾಗೇ ಅನ್ನಿಸುತ್ತದೆ. ರೇಡಿಯಲ್‌ನಲ್ಲಿ ಅದೇ ತಿರುಗುಮುರುಗು. ಹವಾ ಸರಿಯಾಗಿದ್ದರೂ ಕೆಳಗಡೆ ಹೊಟ್ಟೆ ಬಿಟ್ಟ ಹಾಗೆ ಕಾಣುತ್ತದೆ. ಕಣ್ಣು, ಕಾಲು ಎರಡನ್ನೂ ನಂಬಬೇಡಿ. ಒಂದು ಮೀಟರ್ ತಗೊಳ್ಳಿ, ಬೆಳಗ್ಗೆ ಟೈರ್ ತಣ್ಣಗಿರುವಾಗ ನೋಡಿ.

ಮೈಸೂರು ರಬ್ಬರ್

ಟೈರ್ ಕಾರ್ಖಾನೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಇಲ್ಲಿ ಎಲ್ಲರೂ ಹೇಳುತ್ತಿರುವುದು ಅವರವರ ರಸ್ತೆಗೆ ನಿಜ. ಯಾಕೆ ಹಾಗಾಗುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟೈರ್ ಅಂದರೆ ಬರೀ ರಬ್ಬರ್ ಅಲ್ಲ. ಭಾರ ಹೊರುವುದು ಒಳಗಿನ ಹವಾ. ಆ ಹವಾವನ್ನು ಹಿಡಿದಿಡುವುದು ರಬ್ಬರಿನೊಳಗೆ ಹೂತಿರುವ ದಾರ. ನಾವು ನೈಲಾನ್ ಟೈರ್ ಅನ್ನುವುದರಲ್ಲಿ ಈ ದಾರದ ಪದರಗಳು ಓರೆಯಾಗಿ ಹೋಗುತ್ತವೆ. ಒಂದು ಪದರ ಈ ಕಡೆ ಓರೆ, ಮುಂದಿನದು ಆ ಕಡೆ ಓರೆ. ರೇಡಿಯಲ್‌ನಲ್ಲಿ ದಾರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಕ್ಕೆ ಹೋಗುತ್ತದೆ. ನೆಲಕ್ಕೆ ತಾಗುವ ಭಾಗದ ಕೆಳಗೆ ಸುತ್ತಲೂ ಉಕ್ಕಿನ ಪಟ್ಟಿ ಇರುತ್ತದೆ.

ಮನೆಯಲ್ಲಿ ಒಂದು ಟವಲ್ ತಗೊಂಡು ನೋಡಿ. ಎರಡು ಎದುರು ಮೂಲೆ ಹಿಡಿದು ಓರೆಯಾಗಿ ಎಳೆದರೆ ಹಿಗ್ಗುತ್ತದೆ, ನೇಯ್ಗೆಯ ಎಳೆಗಳು ಕತ್ತರಿ ಮುಚ್ಚಿದ ಹಾಗೆ ಒಂದರ ಮೇಲೊಂದು ಹೊರಳುತ್ತವೆ. ನೇರ ಎಳೆದರೆ ಹಿಗ್ಗುವುದಿಲ್ಲ. ನೈಲಾನ್ ಟೈರ್ ಪ್ರತಿ ಸುತ್ತಿನಲ್ಲೂ ಆ ಓರೆ ಎಳೆತವನ್ನು ಅನುಭವಿಸುತ್ತದೆ. ಪಕ್ಕ ಬಾಗಿದರೆ ಮೇಲಿನ ಬಟನ್ನೂ ಜೊತೆಗೇ ಹೊರಳುತ್ತದೆ. ಒಳಗೊಳಗೇ ಉಜ್ಜಾಟ, ಅದರಿಂದ ಬಿಸಿ. ಸ್ಪೀಡ್ ಹೆಚ್ಚಿದಷ್ಟೂ ಬಿಸಿ ಹೆಚ್ಚು. ರೇಡಿಯಲ್‌ನಲ್ಲಿ ಪಕ್ಕ ತನ್ನ ಪಾಡಿಗೆ ಬಾಗುತ್ತದೆ, ಮೇಲಿನ ಪಟ್ಟಿ ನೆಲಕ್ಕೆ ಸಪಾಟಾಗಿ ಕೂರುತ್ತದೆ. ಉಜ್ಜಾಟ ಕಡಿಮೆ, ಸವೆತ ಕಡಿಮೆ, ಎಳೆಯುವ ಗಾಡಿಗೆ ಡೀಸೆಲ್ಲೂ ಸ್ವಲ್ಪ ಉಳಿಯುತ್ತದೆ. ಆದರೆ ಅದೇ ಮೆದು ಪಕ್ಕಕ್ಕೆ ಕಲ್ಲು, ಮೊಂಡು ತಾಗಿದರೆ ಬೇಗ ಪೆಟ್ಟು ಬೀಳುತ್ತದೆ. ಪದರ ಪದರ ಓರೆ ಹೆಣೆದ ನೈಲಾನ್ ಪಕ್ಕ ಗಡುಸು.

ಮಿಶೆಲಿನ್ ಕಂಪನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆದದ್ದು 1946ರಲ್ಲಿ. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು. ಇವತ್ತು ಅಲ್ಲಿ ಲಾರಿ ರೇಡಿಯಲ್ ತಯಾರಾಗುತ್ತದೆ. ವಿಕ್ರಾಂತ್ ಅಂದರೆ ಲಾರಿಯ ನೈಲಾನ್ ಟೈರ್ ಅಂತಲೇ ಊರೆಲ್ಲ ಅನ್ನುತ್ತಿದ್ದ ಕಾಲ ನಮಗೆ ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಅಂಗಡಿಯವರು ರೇಡಿಯಲ್ ಹೊಸದು, ಒಳ್ಳೆಯದು ಅನ್ನುವುದರಲ್ಲಿ ಸುಳ್ಳಿಲ್ಲ.

ಈಗ ಪಿಆರ್ ವಿಷಯ. ಪಿಆರ್ ಅಂದರೆ ಒಳಗಿರುವ ಪದರದ ಲೆಕ್ಕ ಅಂತ ತುಂಬಾ ಜನ ತಿಳಿದಿದ್ದಾರೆ. ಹತ್ತಿ ದಾರದ ಕಾಲದಲ್ಲಿ ಅದು ಪದರದ ಲೆಕ್ಕವೇ ಆಗಿತ್ತು. ಈಗ ಅದು ಬಲದ ಅಳತೆ. 8ಪಿಆರ್ ಟೈರಿನಲ್ಲಿ ಎಂಟು ಪದರ ಇರಲೇಬೇಕೆಂದಿಲ್ಲ. ಆದರೆ 6ಪಿಆರ್‌ಗಿಂತ 8ಪಿಆರ್ ಹೆಚ್ಚು ಹವಾ ತಡೆಯುತ್ತದೆ, ಹೆಚ್ಚು ಭಾರ ಹೊರುತ್ತದೆ. ಅದು ಆ ಪೂರ್ತಿ ಹವಾ ಇದ್ದಾಗ ಮಾತ್ರ. ಹವಾ ಇಳಿದರೆ ಹೊರುವ ಶಕ್ತಿಯೂ ಇಳಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಹಾಸನದ ದಾರಿಯಲ್ಲೇ ಟೈರ್ ಒಡೆದಿರುವುದರಿಂದ ರೇಡಿಯಲ್ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಲಘು ಟ್ರಕ್ಕಿನ ರೇಡಿಯಲ್ ಸಿಕ್ಕರೆ, ಅದಕ್ಕೆಂದೇ ಇರುವ ಟ್ಯೂಬ್ ಜೊತೆ. ನೈಲಾನ್ ಟೈರಿನ ಹಳೆ ಟ್ಯೂಬನ್ನು ರೇಡಿಯಲ್ ಒಳಗೆ ತುರುಕಬೇಡಿ. ಅದರ ಪಕ್ಕ ಜಾಸ್ತಿ ಬಾಗುತ್ತದೆ, ಟ್ಯೂಬ್ ಉಜ್ಜಿ ತೂತಾಗುತ್ತದೆ.

ಮದ್ದೂರು ಟ್ರಾಕ್ಟರ್

ನಮ್ಮದು ಕಬ್ಬಿನ ಟ್ರೈಲರ್, 9.00-16 ನೈಲಾನ್. ಟ್ರಾಕ್ಟರ್ 20-25ರಲ್ಲಿ ಹೋಗುತ್ತದೆ, ಗದ್ದೆಯಿಂದ ಫ್ಯಾಕ್ಟರಿಗೆ. ಆ ಸ್ಪೀಡಿಗೆ ಟೈರ್ ಕಾಯುವ ಮಾತೇ ಇಲ್ಲ. ಕಬ್ಬಿನ ಕೂಳೆ ತುಳಿದುಕೊಂಡು ಓಡಾಡಬೇಕು, ನೈಲಾನೇ ಸರಿ.

ನಾನು ಹೇಳಬೇಕಾದ್ದು ಒಂದೇ. ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಮಾತ್ರ ಹಾಕಬೇಡಿ. ನಮ್ಮ ಬಾಮೈದ ದುಡ್ಡು ಉಳಿಸೋಕೆ ಹಾಗೆ ಮಾಡಿದ್ದ. ಲೋಡ್ ಹಾಕಿದಾಗ ರೇಡಿಯಲ್ ಇರುವ ಕಡೆ ಕುಸಿಯುತ್ತಿತ್ತು, ಟ್ರೈಲರ್ ಏಡಿ ನಡೆದ ಹಾಗೆ ಓರೆಯಾಗಿ ಬರುತ್ತಿತ್ತು. ಎರಡೇ ತಿಂಗಳಿಗೆ ಬಿಚ್ಚಿಸಿದ.

ಕಾಫಿಕಣ, ಸಕಲೇಶಪುರ

ಎಲ್ಲರಿಗೂ ಧನ್ಯವಾದ. ಇನ್ನೊಂದು ಡೌಟು. ನಮ್ಮ ಜೀಪಿಗೆ ಈಗ ರೇಡಿಯಲ್ ಇದೆ. ಟ್ರೈಲರಿಗೆ ನೈಲಾನ್ ಹಾಕಿದರೆ ತೊಂದರೆ ಆಗುತ್ತದಾ?

ಮೈಸೂರು ರಬ್ಬರ್

ಇಲ್ಲ. ಎರಡೂ ಬೇರೆ ಬೇರೆ ಗಾಡಿ. ಟ್ರೈಲರಿನ ಎರಡೂ ಚಕ್ರ ಒಂದೇ ಜಾತಿ, ಒಂದೇ ಸೈಜು ಇರಬೇಕು. ಸ್ಟೆಪ್ನಿಯೂ ಅದೇ ಜಾತಿಯದಾದರೆ ಒಳ್ಳೆಯದು.

ಮಿಚಿಗನ್ ಕನ್ನಡಿಗ

ನಾನು ಇರುವುದು ಅಮೆರಿಕದಲ್ಲಿ, ಊರು ಚಿಕ್ಕಮಗಳೂರು. ಇಲ್ಲಿ ತುಂಬಾ ಜನರ ಹತ್ತಿರ ಸಣ್ಣ ಟ್ರೈಲರ್ ಇರುತ್ತದೆ, ನನ್ನ ಹತ್ತಿರ ದೋಣಿ ಸಾಗಿಸುವುದು ಒಂದಿದೆ. ಇಲ್ಲೂ ಇದೇ ಚರ್ಚೆ ಮುಗಿಯುವುದಿಲ್ಲ. ಟ್ರೈಲರಿಗೆಂದೇ ಬೇರೆ ಟೈರ್ ಬರುತ್ತದೆ, ಅದರ ಮೇಲೆ ಎಸ್‌ಟಿ ಅಂತ ಬರೆದಿರುತ್ತದೆ. ಎಸ್‌ಟಿ 205/75ಡಿ15 ಅಂದರೆ ಓರೆ ದಾರದ್ದು, ಎಸ್‌ಟಿ 205/75ಆರ್15 ಅಂದರೆ ರೇಡಿಯಲ್. ಒಂದೇ ಅಕ್ಷರದ ವ್ಯತ್ಯಾಸ. ನಿಮ್ಮ 6.00-16ರಲ್ಲಿ ನಡುವೆ ಗೆರೆ ಇದೆಯಲ್ಲ, ಅದು ನೈಲಾನಿನ ಗುರುತು. ರೇಡಿಯಲ್ ಆಗಿದ್ದರೆ ಆ ಜಾಗದಲ್ಲಿ ಆರ್ ಇರುತ್ತದೆ.

ಹೈವೇಯಲ್ಲಿ ದೂರ ಹೋಗುವವರು ಇಲ್ಲಿ ರೇಡಿಯಲ್ಲೇ ಹಾಕುತ್ತಾರೆ. ಹೊಲದೊಳಗೆ, ಮನೆಯಿಂದ ಕಸದ ಗುಂಡಿಗೆ ಓಡಾಡುವವರು ಡಿ ಟೈರಲ್ಲೇ ಇದ್ದಾರೆ. ಅದರ ಪಕ್ಕ ಗಡುಸಾದ್ದರಿಂದ ಟ್ರೈಲರ್ ಅತ್ತಿತ್ತ ತೂಗಾಡುವುದು ಕಡಿಮೆ ಅಂತಲೂ ಹೇಳುತ್ತಾರೆ. ಆದರೆ ತೂಗಾಟಕ್ಕೆ ಟೈರಿಗಿಂತ ದೊಡ್ಡ ಕಾರಣ ಲೋಡ್ ಹಾಕುವ ರೀತಿ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು. ಭಾರವೆಲ್ಲ ಹಿಂದಕ್ಕೆ ಹೋದರೆ ಟ್ರೈಲರೇ ಗಾಡಿಯನ್ನು ಆಡಿಸುತ್ತದೆ. ನಿಮ್ಮ ಜೀಪಿನ ಹಿಂಭಾಗ ಎಳೆದುಕೊಂಡು ಹೋಯಿತು ಅಂದಿರಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಚೀಲ ಎಲ್ಲಿಂದ ಜೋಡಿಸುತ್ತೀರಿ?

ಭಾವನ ಟೈರ್ ವಿಷಯ. ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲ ಎರಡು ವಾರ, ಮುಂದಿನ ಎರಡು ವರ್ಷ. 2319 ಅಂದರೆ 2019ರ 23ನೇ ವಾರ. ಸೈಜಿನ ಪಕ್ಕದಲ್ಲಿರುವ ಅಂಕಿ ಹೊರುವ ಭಾರದ್ದು. 91 ಇದ್ದರೆ 615 ಕೆಜಿ, 100 ಇದ್ದರೆ 800 ಕೆಜಿ, 110 ಇದ್ದರೆ 1060 ಕೆಜಿ. ಕಾರಿನ ಟೈರನ್ನು ಟ್ರೈಲರಿಗೆ ಹಾಕುವುದಾದರೆ ಇಲ್ಲಿ ಆ ಭಾರವನ್ನು 1.1ರಿಂದ ಭಾಗಿಸಿ ಲೆಕ್ಕ ಹಾಕುತ್ತಾರೆ.

ಕಾಫಿಕಣ, ಸಕಲೇಶಪುರ

ನೋಡಿದೆ. 3114 ಅಂತ ಇದೆ, ಅಂದರೆ 2014. ಬಟನ್ ಚೆನ್ನಾಗಿದ್ದರೂ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಬೆರಳಿಂದ ಒತ್ತಿ ಬಾಗಿಸಿದಾಗ ಕಾಣಿಸಿತು. ಅದನ್ನು ಹಾಕುವ ಯೋಚನೆ ಬಿಟ್ಟೆ.

ಚೀಲ ಹಿಂದಿನ ಬಾಗಿಲಿಂದ ಹೇರುತ್ತೇವೆ. ಕಣದಲ್ಲಿ ಎಡಗಡೆ ನಿಂತು ಎತ್ತಿ ಹಾಕುತ್ತಾರೆ. ಈಗ ಯೋಚನೆ ಮಾಡಿದರೆ ಎಡಕ್ಕೂ ಹಿಂದಕ್ಕೂ ರಾಶಿ ಬೀಳುತ್ತದೆ ಅಲ್ವಾ? ವೇ ಬ್ರಿಡ್ಜಿಗೆ ಹೋಗಿ ತೂಗಿಸಿ ಬರುತ್ತೇನೆ.

ಪಂಚರ್ ಅಂಗಡಿ, ಮೂಡಿಗೆರೆ

ಒಂದೊಂದೇ ಚಕ್ರ ಹತ್ತಿಸಿ ತೂಗಿಸಿ ಅಣ್ಣ. ಬೇಗ ಆಗುತ್ತದೆ. ಟ್ರೈಲರಿಗೆ ಬೇರೆ ಟೈರ್ ಸಾಲ ತಗೊಂಡು ಹಾಕಿಕೊಂಡು ಹೋಗಿ, ಆ ಒಡೆದದ್ದರ ಜೋಡಿಯನ್ನು ನಂಬಬೇಡಿ.

ಕಾಫಿಕಣ, ಸಕಲೇಶಪುರ

ಹೋಗಿ ಬಂದೆ. ಪಕ್ಕದ ಎಸ್ಟೇಟಿನವರು ಎರಡು ಚಕ್ರ ಕೊಟ್ಟರು. ಅವತ್ತು ಹೇರಿದ ಹಾಗೇ 20 ಚೀಲ ಹೇರಿಸಿ, ನಿಧಾನಕ್ಕೆ ಎಳೆದುಕೊಂಡು ಹೋದೆ.

ಟ್ರೈಲರ್ ಖಾಲಿ ತೂಕ 420 ಕೆಜಿ. ಚೀಲ ಸೇರಿ 1420. ಎಡ ಚಕ್ರ 740, ಬಲ ಚಕ್ರ 610. ಕೊಂಡಿ ಮೇಲೆ ಉಳಿದದ್ದು 70 ಕೆಜಿ ಅಷ್ಟೇ. ತೂಕದ ಚೀಟಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ಚೀಲಕ್ಕೆ 50ರ ಲೆಕ್ಕ, ಸಾವಿರ ಕೆಜಿ ಅಂತ ಮಾತ್ರ ತಲೆಯಲ್ಲಿತ್ತು. ಟ್ರೈಲರಿನ ಸ್ವಂತ ತೂಕ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮಿಚಿಗನ್ ಕನ್ನಡಿಗ

70 ಅಂದರೆ ನೂರಕ್ಕೆ ಐದು. ತೂಗಾಡದೇ ಏನು ಮಾಡುತ್ತದೆ? ಮುಂದಕ್ಕೆ ಜೋಡಿಸಿ.

ಮೈಸೂರು ರಬ್ಬರ್

6ಪಿಆರ್ ಟೈರು, 28ರ ಆಸುಪಾಸು ಹವಾ, ಮೇಲೆ 740 ಕೆಜಿ. ಇಂಥ ಸ್ಥಿತಿಯಲ್ಲಿ ರೇಡಿಯಲ್ ಇದ್ದಿದ್ದರೂ ಒಡೆಯುತ್ತಿತ್ತು. ನಾನು ಮೇಲೆ ರೇಡಿಯಲ್ ಅಂದದ್ದು ಈ ತೂಕ ನೋಡುವ ಮೊದಲು. ಈಗ ನನ್ನ ಮಾತು ಬದಲಾಯಿಸುತ್ತೇನೆ. ವರ್ಷಕ್ಕೆ ಐದಾರು ಸಲದ ಹಾಸನಕ್ಕಾಗಿ, ದಿನಾ ಮೊಂಡು, ಕಲ್ಲಿನ ಮೇಲೆ ಓಡುವ ಚಕ್ರಕ್ಕೆ ರೇಡಿಯಲ್ ಹಾಕಿಸುವ ಅಗತ್ಯ ಕಾಣುವುದಿಲ್ಲ. 8ಪಿಆರ್ ನೈಲಾನ್ ಹಾಕಿಸಿ. ಟೈರಿನ ಮೇಲೆ ಬರೆದಷ್ಟು ಹವಾ ಹಾಕಿ. ಹಾಸನದ ದಾರಿಯಲ್ಲಿ 45 ದಾಟಬೇಡಿ. ಆ ಸ್ಪೀಡಿನಲ್ಲಿ ನೈಲಾನಿಗೆ ಬಿಸಿ ಒಂದು ಸಮಸ್ಯೆಯೇ ಅಲ್ಲ.

ಜನರೇಟರ್ ತುಮಕೂರು

ನಾನೂ ಒಪ್ಪಿದೆ. ನನಗೆ ರೇಡಿಯಲ್ಲೇ, ನಿಮಗೆ ನೈಲಾನ್. ರಿಸೋಲ್ ಮಾಡಿಸಿದ್ದು (ಹಳೆ ಟೈರಿಗೆ ಮೇಲೆ ಹೊಸ ರಬ್ಬರ್ ಅಂಟಿಸಿದ್ದು) ಮಾತ್ರ ತಗೋಬೇಡಿ ಅಣ್ಣ, ಒಳಗಿನ ದಾರ ಎಷ್ಟು ದಣಿದಿದೆ ಅಂತ ಮೇಲಿಂದ ಗೊತ್ತಾಗಲ್ಲ.

ಕಾಫಿಕಣ, ಸಕಲೇಶಪುರ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. 6.00-16, 8ಪಿಆರ್ ಹೊಸ ನೈಲಾನ್ ಎರಡು, ಹೊಸ ಟ್ಯೂಬ್ ಎರಡು ಹಾಕಿಸಿದೆ. ಅಂಗಡಿಯಲ್ಲೇ ನಾಲ್ಕು ಅಂಕಿ ನೋಡಿ ತಗೊಂಡೆ. ಒಂದು ಮೀಟರೂ ಕೊಂಡೆ.

ಈಗ 16 ಚೀಲಕ್ಕಿಂತ ಹೇರುವುದಿಲ್ಲ. ಟ್ರೈಲರಿನ ಹಲಗೆ ಮೇಲೆ ಮುಂದುಗಡೆ ಬಣ್ಣದಲ್ಲಿ ಗೆರೆ ಎಳೆಸಿದ್ದೇನೆ. ಆಳುಗಳು ಮೊದಲು ಆ ಗೆರೆಯಿಂದ ಮುಂದಕ್ಕೆ, ಎರಡೂ ಕಡೆ ಜೋಡಿ ಜೋಡಿಯಾಗಿ ಇಡುತ್ತಾರೆ, ಆಮೇಲೆ ಹಿಂದಕ್ಕೆ. ಮತ್ತೆ ತೂಗಿಸಿದೆ. ಒಟ್ಟು 1220, ಎಡ 550, ಬಲ 530, ಕೊಂಡಿಗೆ 140.

ನಿನ್ನೆ ಹಾಸನಕ್ಕೆ ಹೋಗಿದ್ದೆ. 40-45ರಲ್ಲಿ. ಹಿಂದಿನವರು ಹಾರ್ನ್ ಹೊಡೆದರು, ಪಕ್ಕಕ್ಕೆ ಬಿಟ್ಟು ದಾರಿ ಕೊಟ್ಟೆ. ಬಾಳ್ಳುಪೇಟೆಯಲ್ಲಿ ಅದೇ ಜಾಗದ ಹತ್ತಿರ ನಿಲ್ಲಿಸಿ ಎರಡೂ ಟೈರ್ ಮುಟ್ಟಿ ನೋಡಿದೆ. ಅಂಗೈ ಇಟ್ಟು ಹಾಗೇ ಇರಿಸಬಹುದಿತ್ತು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಮಗನೂ ಇಳಿದು ಬಂದು ಮುಟ್ಟಿದ.

ಪಂಚರ್ ಅಂಗಡಿ, ಮೂಡಿಗೆರೆ

ತುಂಬಾ ಖುಷಿ ಆಯಿತು ಅಣ್ಣ. ಸ್ಟೆಪ್ನಿ ಹವಾ ನೋಡಿದ್ರಾ?

ಕಾಫಿಕಣ, ಸಕಲೇಶಪುರ

ಈಗ ನೋಡಿದೆ. 15 ಇತ್ತು. ಪಂಪ್ ತರೋಕೆ ಮಗನನ್ನು ಕಳಿಸಿದ್ದೇನೆ.